ಅಶೋಕ ಚಕ್ರವರ್ತಿಯೂ ಇಸಿಲದ ಒಡೆತನವೂ

ದೂರದ ನೆಲವೊಂದು ಯಾರಿಗೆ ಸೇರತಕ್ಕದ್ದೆಂಬ ವಿವಾದವು ರಾಜ್ಯಗಳೊಳಗೆ ಹುಟ್ಟಿದಾಗಲೆಲ್ಲ ಮೂರು ಪ್ರಶ್ನೆಗಳು ಏಳುವುದುಂಟು. ಅಲ್ಲಿ ಮೊದಲು ಕಾಲಿಟ್ಟವರಾರು? ಅಲ್ಲಿ ಒಕ್ಕಲಾಗಿ ನೆಲಸಿದವರಾರು? ಅಲ್ಲಿ ತಮ್ಮ ಹೆಸರಿನ ಕಲ್ಲನ್ನು ನಿಲ್ಲಿಸಿದವರಾರು? ದಕ್ಷಿಣ ಅಟ್ಲಾಂಟಿಕ್ ಸಾಗರದ ಫಾಕ್‌ಲೆಂಡ್ ದ್ವೀಪಗಳನ್ನು 1833ರಲ್ಲಿ ಬ್ರಿಟಿಷರು ವಶಪಡಿಸಿಕೊಂಡಂದಿನಿಂದ ಅರ್ಜೆಂಟೈನಾ ದೇಶವು ಈ ಪ್ರಶ್ನೆಗಳನ್ನೇ ಕೇಳುತ್ತ ಬಂದಿದೆ. 1982ರಲ್ಲಿ ಅದಕ್ಕಾಗಿ ರಕ್ತವೂ ಹರಿಯಿತು. ನಮ್ಮ ಕಾರವಾರದ ಎದುರಿಗಿರುವ ಅಂಜದೀವದಲ್ಲಿ ಪೋರ್ಚುಗೀಸರು 1505ರಲ್ಲಿ ಕೋಟೆಯನ್ನು ಹಾಕಿ, ಮರುವರ್ಷವೇ ಬಿಟ್ಟುಹೋಗಿ, 1682ರಲ್ಲಿ ಮತ್ತೆ ಬಂದು ಕುಳಿತವರು 1961ರ ಡಿಸೆಂಬರಿನವರೆಗೆ ಅಲ್ಲಿಂದ ಕದಲಲಿಲ್ಲ. ಆದರೆ ದ್ವೀಪವೆನ್ನಿಸಿಕೊಳ್ಳುವುದಕ್ಕೆ ಸುತ್ತಲೂ ಸಮುದ್ರವೇ ಇರಬೇಕೆಂಬ ನಿಯಮವೇನೂ ಇಲ್ಲ. ಒಬ್ಬ ದೊರೆಯ ರಾಜಧಾನಿಯಿಂದ ಅತಿ ದೂರದಲ್ಲಿ, ಬೇರೆ ಭಾಷೆಯ, ಬೇರೆ ಬಾಳುವೆಯ ಜನರ ನಡುವೆ, ಆತನ ಕೈಬೆರಳೆಣಿಕೆಯ ಅಧಿಕಾರಿಗಳು ಕುಳಿತಿದ್ದ ಠಾಣ್ಯವೂ ಒಂದು ದ್ವೀಪವೇ ಸರಿ. ಅಂತಹ ದ್ವೀಪವೊಂದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿತ್ತು. ಅದರ ಹೆಸರು ಇಸಿಲ. ಅದರ ದೊರೆ ಅಶೋಕ.

ಅಶೋಕನ ಚರಿತ್ರೆಯನ್ನು ಪಾಟಲೀಪುತ್ರದ ಅರಮನೆಯಿಂದ ನೋಡಿ ಬರೆದವರು ಅನೇಕರಿದ್ದಾರೆ. ಮೊಳಕಾಲ್ಮೂರಿನ ಬಂಡೆಗಳ ಮೇಲೆ ನಿಂತು ನೋಡಿದರೆ ಆ ಮಹಾಪುರುಷನು ಹೇಗೆ ಕಾಣುತ್ತಾನೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಪ್ರಯಾಣ ಮಾಡಿದವರಿಗೆ ಈ ಸೀಮೆಯ ಪರಿಚಯವಿದ್ದೇ ಇರುತ್ತದೆ. ಮಳೆ ಅತ್ಯಲ್ಪ. ಹುಲ್ಲುಗಾವಲಿನ ಕಾವಲುಗಳು, ಬೋಳುಗುಡ್ಡಗಳು, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಗಳು. ಈ ಗುಡ್ಡಗಳಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳು ಮೂರು ನಾಲ್ಕು ಮೈಲಿಯ ಆವರಣದೊಳಗೇ ಇವೆ. 1892ರಲ್ಲಿ ಮೈಸೂರು ಸಂಸ್ಥಾನದ ಶಾಸನ ಶೋಧಕರಾದ ಬಿ. ಎಲ್. ರೈಸ್ ಅವರು ಈ ಮೂರು ಕಡೆಯೂ ಅಶೋಕನ ಧರ್ಮಲಿಪಿಗಳನ್ನು ಕಂಡುಹಿಡಿದರು. ದಕ್ಷಿಣ ದೇಶದಲ್ಲಿ ಆತನ ಶಾಸನ ದೊರೆತದ್ದು ಅದೇ ಮೊದಲು. ಅಲ್ಲಿಯ ತನಕ ಮೌರ್ಯರ ಆಳ್ವಿಕೆಯು ಇಷ್ಟು ದೂರ ಬಂದಿತ್ತೆಂದು ಪಂಡಿತರಾರೂ ಊಹಿಸಿರಲಿಲ್ಲ. ಸಿದ್ದಾಪುರಕ್ಕೆ ಈಗ ಅಶೋಕ ಸಿದ್ದಾಪುರವೆಂದೇ ಹೆಸರು.

ಅಶೋಕನು ಮೌರ್ಯ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ಯೌವನದಲ್ಲಿ ಉಜ್ಜಯಿನಿಯಲ್ಲಿ ತಂದೆಯ ಪ್ರತಿನಿಧಿಯಾಗಿದ್ದು, ಹೋಗುವ ದಾರಿಯಲ್ಲಿ ವಿದಿಶೆಯ ವರ್ತಕನೊಬ್ಬನ ಮಗಳಾದ ದೇವಿಯನ್ನು ವರಿಸಿದನೆಂದೂ, ಅವರಿಗೆ ಮಹೇಂದ್ರ ಸಂಘಮಿತ್ರೆಯರು ಜನಿಸಿದರೆಂದೂ ಲಂಕೆಯ ಬೌದ್ಧ ಗ್ರಂಥಗಳು ಹೇಳುತ್ತವೆ. ತಂದೆಯ ಮರಣಾನಂತರ ಸಿಂಹಾಸನವು ಆತನಿಗೆ ಸುಲಭವಾಗಿ ದಕ್ಕಲಿಲ್ಲ. ರಾಜ್ಯ ಕೈಸೇರಿದ ನಾಲ್ಕು ವರ್ಷಗಳ ಮೇಲಷ್ಟೇ ಪಟ್ಟಾಭಿಷೇಕವಾಯಿತೆಂಬ ಮಾತಿನಲ್ಲಿ ಅಂತಃಕಲಹದ ಛಾಯೆ ಕಾಣುತ್ತದೆ. ತೊಂಬತ್ತೊಂಬತ್ತು ಮಂದಿ ಸೋದರರನ್ನು ಕೊಲ್ಲಿಸಿದನೆಂಬ ಕಥೆಯನ್ನು ಮಾತ್ರ ನಾವು ನಂಬಲಾರೆವು. ಆತನ ಶಾಸನವೊಂದರಲ್ಲಿಯೇ ಸೋದರ ಸೋದರಿಯರ ಮನೆಗಳ ಪ್ರಸ್ತಾಪವಿದೆ. ಧರ್ಮಾತ್ಮನಾದ ಮೇಲಣ ಅಶೋಕನನ್ನು ಹೆಚ್ಚು ಬೆಳಗಿಸುವುದಕ್ಕಾಗಿ ಮೊದಲಿನ ಅಶೋಕನ ಮುಖಕ್ಕೆ ಭಕ್ತರೇ ಮಸಿ ಬಳಿದಂತೆ ತೋರುತ್ತದೆ.

ಆತನು ಸುಮಾರು ಕ್ರಿ. ಪೂ. 268ರಿಂದ 232ರವರೆಗೆ ಆಳಿದನು. ಆ ಅವಧಿಯಲ್ಲಿ ಆತನು ಕತ್ತಿಯಿಂದ ಗೆದ್ದುದಾಗಿ ಶಾಸನಗಳಲ್ಲಿ ಕಾಣುವುದು ಒಂದೇ ದೇಶ, ಕಳಿಂಗ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದ ಮೇಲೆ ನಡೆದ ಆ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರು. ಒಂದೂವರೆ ಲಕ್ಷ ಜನ ತಮ್ಮ ನೆಲದಿಂದ ಕೀಳಲ್ಪಟ್ಟು ಬೇರೆಡೆಗೆ ಸಾಗಿಸಲ್ಪಟ್ಟರು. ಅದರ ಎಷ್ಟೋ ಪಾಲು ಜನ ಯುದ್ಧದ ಬೆನ್ನಿಗೆ ಬಂದ ಕಷ್ಟಗಳಿಂದ ಸತ್ತರು. ಈ ಲೆಕ್ಕವನ್ನು ಕೊಟ್ಟವನು ಸೋತ ಶತ್ರುವಲ್ಲ, ಗೆದ್ದ ಅರಸನೇ. ತಾನು ಮಾಡಿದ ಕೊಲೆಯನ್ನು ತಾನೇ ಎಣಿಸಿ, ಅದಕ್ಕಾಗಿ ಮರುಗಿ, ಆ ಮರುಕವನ್ನು ಮಕ್ಕಳು ಮೊಮ್ಮಕ್ಕಳು ಓದಲೆಂದು ಕಲ್ಲಿನಲ್ಲಿ ಕೊರೆಯಿಸಿದ ಇನ್ನೊಬ್ಬ ಚಕ್ರವರ್ತಿಯನ್ನು ನಾವು ಲೋಕದ ಚರಿತ್ರೆಯಲ್ಲಿ ಕಾಣೆವು. ಆದರೂ ಒಂದು ಸಂಗತಿಯನ್ನು ಮರೆಯಲಾಗದು. ಈ ಪಶ್ಚಾತ್ತಾಪದ ಶಾಸನವನ್ನು ಆತನು ಕಳಿಂಗ ದೇಶದೊಳಗೆ ಮಾತ್ರ ಕೊರೆಯಿಸಲಿಲ್ಲ. ಧೌಲಿ ಜೌಗಡಗಳ ಬಂಡೆಗಳಲ್ಲಿ ಅದರ ಬದಲಿಗೆ ಅಧಿಕಾರಿಗಳಿಗೆ ಕೊಟ್ಟ ಬೇರೆ ಆದೇಶಗಳಿವೆ; ಪ್ರಜೆಗಳೆಲ್ಲರೂ ತನಗೆ ಮಕ್ಕಳ ಸಮಾನರೆಂದೂ, ಅಕಾರಣವಾಗಿ ಯಾರನ್ನೂ ಸೆರೆಯಲ್ಲಿಡಬಾರದೆಂದೂ ಅವುಗಳ ತಾತ್ಪರ್ಯ. ಗೆಲ್ಲಲ್ಪಟ್ಟ ಜನರ ಮುಂದೆ ಗೆದ್ದವನು ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ರಾಜ್ಯಭಾರಕ್ಕೆ ಹಿತವಲ್ಲವೆಂದು ಅಶೋಕನೂ ಎಣಿಸಿದನೆಂದೇ ತೋರುತ್ತದೆ.

ಹಾಗಾದರೆ ಇಸಿಲವು ಆತನ ಕೈಗೆ ಬಂದುದು ಹೇಗೆ? ಆತನು ಗೆದ್ದ ದೇಶ ಕಳಿಂಗವೊಂದೇ ಆದ ಮೇಲೆ ಕನ್ನಡನಾಡಿನ ಈ ಭಾಗವು ಪಿತ್ರಾರ್ಜಿತವೆಂದೇ ಹೇಳಬೇಕು. ಚಂದ್ರಗುಪ್ತನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದು ದೇಹವನ್ನು ತೊರೆದನೆಂದು ಜೈನ ಪರಂಪರೆ ಹೇಳುತ್ತದೆ. ಎರಡು ಸಮುದ್ರಗಳ ನಡುವಣ ಹದಿನಾರು ಪಟ್ಟಣಗಳ ಅರಸರನ್ನು ಬಿಂದುಸಾರನ ಕಾಲದಲ್ಲಿ ನಾಶಪಡಿಸಲಾಯಿತೆಂದು ಟಿಬೆಟ್ಟಿನ ತಾರಾನಾಥನು ಬಹುಕಾಲದ ಮೇಲೆ ಬರೆದನು. ಮೌರ್ಯರ ರಥಗಳು ಬೆಟ್ಟವನ್ನು ಕಡಿದು ದಾರಿ ಮಾಡಿಕೊಂಡು ಬಂದುವೆಂಬ ನೆನಪು ತಮಿಳಿನ ಸಂಘ ಸಾಹಿತ್ಯದಲ್ಲಿದೆ. ಇವು ಮೂರೂ ಪರಂಪರೆಯ ಮಾತುಗಳು. ಇಂತಹ ಯುದ್ಧದಲ್ಲಿ, ಇಂತಹ ಒಪ್ಪಂದದಿಂದ, ಈ ಸೀಮೆ ಮಗಧಕ್ಕೆ ಸೇರಿತೆಂದು ಹೇಳುವ ಸಮಕಾಲೀನ ದಾಖಲೆ ಒಂದೂ ಇಲ್ಲ. ವಕೀಲರ ಮಾತಿನಲ್ಲಿ ಹೇಳುವುದಾದರೆ, ಅಶೋಕನಲ್ಲಿ ಸ್ವಾಧೀನವಿತ್ತು, ಮೂಲ ಕ್ರಯಪತ್ರವಿರಲಿಲ್ಲ.

ಸ್ವಾಧೀನಕ್ಕೆ ಸಾಕ್ಷಿ ಬ್ರಹ್ಮಗಿರಿಯ ಬಂಡೆ. ನಮ್ಮ ವಾಚಕರಲ್ಲಿ ಸರ್ಕಾರಿ ಕಚೇರಿಗಳ ಒಳಹೊರಗನ್ನು ಬಲ್ಲವರು ಅನೇಕರಿದ್ದಾರೆ. ಅವರಿಗೆ ಆ ಲಿಪಿಯ ರೀತಿ ಅಪರಿಚಿತವೆನಿಸದು. ಅದೊಂದು ಸುತ್ತೋಲೆ. ಚಕ್ರವರ್ತಿಯು ನೇರವಾಗಿ ಇಸಿಲಕ್ಕೆ ಬರೆಯುವುದಿಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಎಂದರೆ ರಾಜಕುಮಾರನು, ಅಲ್ಲಿಯ ಮಹಾಮಾತ್ರರೊಡಗೂಡಿ ಇಸಿಲದ ಮಹಾಮಾತ್ರರಿಗೆ ಅದನ್ನು ಕಳುಹಿಸುತ್ತಾನೆ. ಮೊದಲು ಅವರ ಆರೋಗ್ಯವನ್ನು ವಿಚಾರಿಸುತ್ತಾನೆ. ಆಮೇಲೆ ದೇವಾನಾಂಪ್ರಿಯನ ಅಪ್ಪಣೆ ಬರುತ್ತದೆ. ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ತಾನು ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲವೆಂದೂ, ಸಂಘವನ್ನು ಸೇರಿ ಒಂದು ವರ್ಷಕ್ಕೆ ಮೇಲಾಗಿ ಈಗ ಚೆನ್ನಾಗಿ ಶ್ರಮಿಸುತ್ತಿರುವೆನೆಂದೂ, ಇಂತಹ ಶ್ರಮದ ಫಲವು ದೊಡ್ಡವರಿಗೆ ಮಾತ್ರವಲ್ಲದೆ ಅಲ್ಪರಿಗೂ ದೊರೆಯತಕ್ಕದ್ದೆಂದೂ, ಗಡಿಯಾಚೆಯ ಜನರೂ ಇದನ್ನು ತಿಳಿಯಬೇಕೆಂದೂ ಆತನು ತಿಳಿಸುತ್ತಾನೆ. ತಾಯಿತಂದೆಯರ ಮಾತನ್ನು ನಡೆಸುವುದು, ಪ್ರಾಣಿಗಳಲ್ಲಿ ದಯೆ, ಸತ್ಯವನ್ನಾಡುವುದು, ಶಿಷ್ಯನು ಗುರುವನ್ನು ಗೌರವಿಸುವುದು, ಇವು ಕೊನೆಯ ಭಾಗದ ವಿಧಿಗಳು. ಕಂದಾಯದ ಮಾತಿಲ್ಲ, ಸೈನ್ಯದ ಮಾತಿಲ್ಲ. ಮೇಲಧಿಕಾರಿಯು ಕೆಳಗಿನವರಿಗೆ ಬರೆದ ಕಾಗದದಲ್ಲಿ ಒಂದು ವರ್ಷ ತಾನೇ ಸೋಮಾರಿಯಾಗಿದ್ದೆನೆಂದು ಒಪ್ಪಿಕೊಂಡುದು ಆ ಮೇಲೆ ಬಂದ ಎರಡು ಸಾವಿರದ ಇನ್ನೂರು ವರ್ಷಗಳಲ್ಲಿ ಎಷ್ಟು ಬಾರಿ ನಡೆದಿದೆಯೋ!

ಈ ಲಿಪಿಯನ್ನು ಬರೆದವನು ಚಪಡನೆಂಬ ಲಿಪಿಕಾರ. ಆತನ ಹೆಸರು ಮೂರು ಕಡೆಯೂ ಇದೆ. ಶಾಸನವೆಲ್ಲ ಬ್ರಾಹ್ಮೀ ಅಕ್ಷರದಲ್ಲಿ, ಪ್ರಾಕೃತ ಭಾಷೆಯಲ್ಲಿದ್ದರೂ, ಲಿಪಿಕಾರನೆಂಬ ತನ್ನ ಉದ್ಯೋಗದ ಪದವನ್ನು ಮಾತ್ರ ಆತನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿಯು ತಕ್ಷಶಿಲೆ, ಪೇಷಾವರಗಳ ಕಡೆಯ ಅಕ್ಷರ. ಅಲ್ಲಿ ವಿದ್ಯೆ ಕಲಿತವನೊಬ್ಬನು ಹೊಟ್ಟೆಪಾಡಿಗೋ, ವರ್ಗವಾಗಿಯೋ ಮೊಳಕಾಲ್ಮೂರಿನ ಬಿಸಿಲಿಗೆ ಬಂದು ಕುಳಿತಿದ್ದನು. ಈ ಸೀಮೆಯಲ್ಲಿ ಆ ಅಕ್ಷರವನ್ನು ಓದಬಲ್ಲವರು ಆತನೊಬ್ಬನೇ ಇದ್ದಿರಬಹುದು. ಬ್ರಾಹ್ಮಿಯನ್ನಾದರೂ ಓದಬಲ್ಲವರು ಎಷ್ಟು ಮಂದಿ? ಆದುದರಿಂದಲೇ ಎರ್ರಗುಡಿಯ ಪ್ರತಿಯಲ್ಲಿ ರಾಜುಕನೆಂಬ ಅಧಿಕಾರಿಯು ಭೇರಿಯನ್ನು ಹೊಡೆಯಿಸಿ ಜನಪದಕ್ಕೆ ಇದನ್ನು ತಿಳಿಸಬೇಕೆಂಬ ವಿಧಿಯಿದೆ. ನಮ್ಮ ಹಳ್ಳಿಗಳ ಡಂಗುರದ ಪೂರ್ವಜನನ್ನು ಅಲ್ಲಿ ಕಾಣಬಹುದು. ಅದೇ ಪ್ರತಿಯಲ್ಲಿ ಬರುವ ಕರಣಕನು ನಮ್ಮ ಕರಣಿಕನ ಹಿರಿಯನೇ ಆಗಿದ್ದಾನೆ.

ಭೇರಿಯ ಸದ್ದನ್ನು ಕೇಳಿ ಬಂದ ಜನರಾರು? ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟುದು ಗುದ್ದಲಿ. 1940ರ ಸುಮಾರಿಗೆ ಮೈಸೂರು ಪ್ರಾಚ್ಯ ಸಂಶೋಧನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಬ್ರಹ್ಮಗಿರಿಯ ಬುಡದಲ್ಲಿ ಉತ್ಖನನವನ್ನು ನಡೆಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅದನ್ನು ವಿಸ್ತಾರವಾಗಿ ಮುಂದುವರಿಸಿದರು. ಕೆಳಗಿನ ಸ್ತರದಲ್ಲಿ ನಯವಾಗಿ ಉಜ್ಜಿದ ಕಲ್ಲಿನ ಕೊಡಲಿಗಳು. ಅದರ ಮೇಲೆ ಕಬ್ಬಿಣದ ಆಯುಧಗಳನ್ನೂ ಕಪ್ಪು ಕೆಂಪು ಬಣ್ಣದ ಮಡಕೆಗಳನ್ನೂ ಬಳಸುತ್ತಿದ್ದು, ಸತ್ತವರನ್ನು ದೊಡ್ಡ ಬಂಡೆಗಳ ಕೋಣೆಗಳಲ್ಲಿ ಹೂಳಿ ಸುತ್ತಲೂ ಕಲ್ಲಿನ ವೃತ್ತಗಳನ್ನು ನಿಲ್ಲಿಸಿದವರ ನೆಲೆ. ಅದರ ಮೇಲೆ ಸಾತವಾಹನರ ಕಾಲದ ಪಟ್ಟಣ. ಕಲ್ಗೊಡಲಿಯ ಜನರು ಅಶೋಕನ ಕಾಲದ ತನಕ ಇದ್ದರೆಂದು ವ್ಹೀಲರ್ ಅವರು ತಿಳಿದಿದ್ದರು. ದಕ್ಷಿಣದ ಬೇರೆ ನೆಲೆಗಳಲ್ಲಿ ಇಂಗಾಲದ ಪರೀಕ್ಷೆಯಿಂದ ದೊರೆತ ಕಾಲಮಾನಗಳು ಅವರನ್ನು ಸಾವಿರಾರು ವರ್ಷ ಹಿಂದಕ್ಕೆ ಒಯ್ದಿವೆ. ಕಬ್ಬಿಣವೂ ಇಲ್ಲಿ ಅಶೋಕನಿಗಿಂತ ಬಹಳ ಹಳೆಯದು. ಅಂದ ಮೇಲೆ ಮಹಾಮಾತ್ರರು ಬಂದು ಕಂಡದ್ದು ನಿರ್ಜನವಾದ ಕಾಡನ್ನಲ್ಲ. ತಮ್ಮದೇ ಊರು, ತಮ್ಮದೇ ಕುಲುಮೆ, ತಮ್ಮದೇ ಸಮಾಧಿಗಳಿದ್ದ ಜನರನ್ನು. ಮೌರ್ಯರು ಬಂದಾಗ ಆ ಜನರ ಮಡಕೆ ಬದಲಾಗಲಿಲ್ಲ. ಮೌರ್ಯರದೇ ಎಂದು ಬೆರಳಿಟ್ಟು ತೋರಿಸಬಹುದಾದ ಪ್ರತ್ಯೇಕ ಸ್ತರವೊಂದು ಬ್ರಹ್ಮಗಿರಿಯ ಮಣ್ಣಿನಲ್ಲಿ ಸಿಗಲಿಲ್ಲ. ಬಂಡೆಯ ಮೇಲೆ ಅಕ್ಷರವುಂಟು, ನೆಲದೊಳಗೆ ಹೆಜ್ಜೆಯಿಲ್ಲ.

ಇಲ್ಲಿಯೇ ವಿವಾದ. ಹಿಂದೂಕುಶ ಪರ್ವತದಿಂದ ಚಿತ್ರದುರ್ಗದವರೆಗೆ ಒಂದೇ ಬಣ್ಣವನ್ನು ಬಳಿದು ಅಶೋಕನ ಸಾಮ್ರಾಜ್ಯವೆಂದು ತೋರಿಸುವ ಭೂಪಟಗಳನ್ನು ನಾವೆಲ್ಲರೂ ಪಾಠಶಾಲೆಯಲ್ಲಿ ನೋಡಿದವರೇ. ಈಚಿನ ವಿದ್ವಾಂಸರು ಹಲವರು ಆ ಬಣ್ಣವನ್ನು ಒಪ್ಪುವುದಿಲ್ಲ. ಮಗಧದ ಆಳ್ವಿಕೆಯು ಬಿಗಿಯಾಗಿದ್ದುದು ಗಂಗೆಯ ಬಯಲಿನಲ್ಲಿ. ದಕ್ಷಿಣದಲ್ಲಿ ಇದ್ದುದು ಹೆದ್ದಾರಿಗಳೂ ಅವುಗಳ ಮೇಲಣ ಠಾಣ್ಯಗಳೂ ಮಾತ್ರ ಎಂಬುದು ಅವರ ವಾದ. ಕನ್ನಡನಾಡಿನ ಶಾಸನಗಳು ಸಿಕ್ಕ ಸ್ಥಳಗಳನ್ನು ನೋಡಿದರೆ ಈ ವಾದಕ್ಕೆ ಬಲವುಂಟು. 1915ರಲ್ಲಿ ಮಸ್ಕಿಯ ಲಿಪಿಯನ್ನು ಕಂಡುಹಿಡಿದ ಬೀಡನ್ ಎಂಬಾತನು ಚಿನ್ನದ ಗಣಿಗಳ ಎಂಜಿನಿಯರು. ಚಿನ್ನದ ನೆಲೆಯನ್ನು ಹುಡುಕಹೋದವನಿಗೆ ಅಶೋಕನ ಹೆಸರು ಸಿಕ್ಕಿತು. ಹಟ್ಟಿಯ ಪ್ರಾಚೀನ ಗಣಿಗಳು ಅಲ್ಲಿಗೆ ದೂರವಿಲ್ಲ. ರಾಜಕುಮಾರನ ಪಟ್ಟಣದ ಹೆಸರೇ ಸುವರ್ಣಗಿರಿ. ಅದು ಕನಕಗಿರಿಯೋ, ಮಸ್ಕಿಯೋ, ಎರ್ರಗುಡಿಯ ಬಳಿಯ ಜೊನ್ನಗಿರಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಧರ್ಮವು ಬಂದ ದಾರಿ ಚಿನ್ನದ ದಾರಿಯೂ ಆಗಿತ್ತೆಂದರೆ ಧರ್ಮಕ್ಕೆ ಅಪಚಾರವೆಂದು ನಾವು ಭಾವಿಸುವುದಿಲ್ಲ.

ಇನ್ನೊಂದು ಮಾತು. ಅಶೋಕನು ತನ್ನ ರಾಜ್ಯದೊಳಗಣ ಜನರೆಂದು ಭೋಜರು, ಆಂಧ್ರರು, ಪುಲಿಂದರು ಮೊದಲಾದವರನ್ನು ಹೆಸರಿಸುತ್ತಾನೆ. ಗಡಿಯಾಚೆಯವರೆಂದು ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರನ್ನೂ ತಾಮ್ರಪರ್ಣಿಯನ್ನೂ ಹೇಳುತ್ತಾನೆ. ಇಸಿಲದ ಸುತ್ತಲಿನ ಜನರ ಹೆಸರು ಒಳಗಿನವರ ಪಟ್ಟಿಯಲ್ಲೂ ಇಲ್ಲ, ಹೊರಗಿನವರ ಪಟ್ಟಿಯಲ್ಲೂ ಇಲ್ಲ. ಅವರದೆನ್ನಬಹುದಾದ ಒಂದೇ ಒಂದು ಪದವು ಶಾಸನದಲ್ಲಿ ಉಳಿದಿದೆ, ಅದು ಇಸಿಲ. ಇದು ಕೋಟೆಯೆಂಬ ಅರ್ಥದ ಕನ್ನಡ ಪದವೆಂದೂ, ಬಾಣವನ್ನು ಎಸೆಯುವುದೆಂಬ ಧಾತುವಿನಿಂದ ಬಂದುದೆಂದೂ ಡಿ. ಎಲ್. ನರಸಿಂಹಾಚಾರ್ಯರು ಅಭಿಪ್ರಾಯಪಟ್ಟರು. ಅವರ ಅಭಿಪ್ರಾಯವು ಸರಿಯಾದರೆ, ನಮ್ಮ ನುಡಿಯ ಅತಿ ಪ್ರಾಚೀನವಾದ ಲಿಖಿತ ಪದವು ಪರದೇಶದ ಲಿಪಿಕಾರನ ಕೈಯಲ್ಲಿ, ಪರಭಾಷೆಯ ವಾಕ್ಯದ ನಡುವೆ, ಮೊಳಕಾಲ್ಮೂರಿನ ಬಂಡೆಯ ಮೇಲೆ ಮೂಡಿತು. ಈ ಹೆಮ್ಮೆಯಲ್ಲಿ ಸ್ವಲ್ಪ ನೋವೂ ಬೆರೆತಿದೆಯೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆ ಊರಿನ ಒಬ್ಬ ಗೌಡನ ಹೆಸರನ್ನೂ ಚಪಡನು ಬರೆದಿಡಲಿಲ್ಲ.

ಈಗ ಸಮುದ್ರದ ದ್ವೀಪದ ಕಡೆಗೆ ತಿರುಗೋಣ. ಅಶೋಕನು ತಾಮ್ರಪರ್ಣಿಯೆಂದು ಕರೆದ ಲಂಕೆಯು ಆತನ ರಾಜ್ಯಕ್ಕೆ ಎಂದೂ ಸೇರಿರಲಿಲ್ಲ. ಅಲ್ಲಿ ಆತನ ಮಹಾಮಾತ್ರರಿರಲಿಲ್ಲ, ಆತನ ಬಂಡೆಯಿಲ್ಲ. ಗಡಿಯಾಚೆಯ ಆ ದೇಶಗಳಿಗೂ ಆತನು ಮನುಷ್ಯರಿಗೊಂದು, ಪಶುಗಳಿಗೊಂದು ಎಂದು ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿ, ಮೂಲಿಕೆಗಳನ್ನು ಕಳುಹಿಸಿ ನೆಡಿಸಿದುದಾಗಿ ಹೇಳಿಕೊಂಡಿದ್ದಾನೆ. ಲಂಕೆಯ ಅರಸನಾದ ತಿಸ್ಸನು ರಾಯಭಾರವನ್ನು ಕಳುಹಿಸಿದನೆಂದೂ, ಅಶೋಕನು ಕೊಟ್ಟು ಕಳುಹಿಸಿದ ಸಾಮಗ್ರಿಗಳಿಂದ ಎರಡನೆಯ ಸಲ ಪಟ್ಟಾಭಿಷೇಕವನ್ನು ಮಾಡಿಸಿಕೊಂಡನೆಂದೂ, ಆಮೇಲೆ ಮಹೇಂದ್ರನು ಬೌದ್ಧಧರ್ಮವನ್ನು ಅಲ್ಲಿಗೆ ಒಯ್ದನೆಂದೂ ಮಹಾವಂಶವು ಹೇಳುತ್ತದೆ. ದೇವಾನಾಂಪ್ರಿಯನೆಂಬ ಬಿರುದನ್ನೇ ತಿಸ್ಸನೂ ಧರಿಸಿದನು. ಇದರಿಂದ ಮುಂದೆ ಒಂದು ವಿಚಿತ್ರ ನಡೆಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರು ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಹೆಸರು ಮಾತ್ರ ಸಿಕ್ಕಿತು. ಅಶೋಕನೆಂದು ಎಲ್ಲಿಯೂ ಇರಲಿಲ್ಲ. ಅವರು ಆ ಶಾಸನಗಳೆಲ್ಲ ಲಂಕೆಯ ತಿಸ್ಸನವೆಂದೇ ಮೊದಲು ಭಾವಿಸಿದರು. ಭರತಖಂಡದ ಚಕ್ರವರ್ತಿಯ ಶಾಸನಗಳ ಒಡೆತನವು ಸ್ವಲ್ಪ ಕಾಲ ಒಬ್ಬ ದ್ವೀಪರಾಜನಿಗೆ ಹೋಗಿತ್ತು! ಅದೇ ವರ್ಷ ಲಂಕೆಯಲ್ಲಿದ್ದ ಜಾರ್ಜ್ ಟರ್ನರ್ ಅವರು ಪಾಲಿ ಗ್ರಂಥದ ಆಧಾರದಿಂದ ಪ್ರಿಯದರ್ಶಿಯು ಅಶೋಕನೇ ಎಂದು ತೋರಿಸಿದರು. ಶಾಸನದಲ್ಲಿ ಆ ಹೆಸರು ಕಾಣಿಸಿಕೊಳ್ಳುವುದಕ್ಕೆ ಮಸ್ಕಿಯ ತನಕ ಕಾಯಬೇಕಾಯಿತು. ಆ ಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು ಉದೆಗೊಳಗಳಲ್ಲಿಯೂ ಅದು ದೊರೆಯಿತು. ಕಲಬುರಗಿ ಜಿಲ್ಲೆಯ ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ, ರಾಜ ಅಶೋಕನೆಂದು ಹೆಸರನ್ನು ಬರೆದ ಶಿಲ್ಪವೇ ಸ್ತೂಪದ ಅವಶೇಷಗಳಲ್ಲಿ ಸಿಕ್ಕಿತು.

ಯಾವ ದ್ವೀಪದ ಮೇಲೆ ಆತನ ಅಧಿಕಾರವಿರಲಿಲ್ಲವೋ ಅಲ್ಲಿ ಆತನ ಹೆಸರೂ ಆತನು ನಂಬಿದ ಮತವೂ ಇಂದಿಗೂ ಉಳಿದಿವೆ. ಯಾವ ಠಾಣ್ಯದಲ್ಲಿ ಆತನ ಅಧಿಕಾರಿಗಳು ಕುಳಿತು ಮೂರು ಬಂಡೆಗಳಲ್ಲಿ ಆತನ ಮಾತನ್ನು ಕೊರೆಯಿಸಿದರೋ ಅಲ್ಲಿಯ ಜನರು ಆತನನ್ನು ಪೂರ್ತಿಯಾಗಿ ಮರೆತರು. ಒಡೆತನದ ವಾದಗಳಲ್ಲಿ ಕಲ್ಲಿನ ಸಾಕ್ಷ್ಯವೇ ಬಲವಾದುದೆಂದು ವಾದಿಸುವವರಿಗೆ ಇದು ತೊಡಕಾದ ಉದಾಹರಣೆ.

ಆತನನ್ನು ದೇವರನ್ನಾಗಿ ಮಾಡುವುದೂ ನಮಗೆ ಸಮ್ಮತವಲ್ಲ. ಆತನು ಕಳಿಂಗವನ್ನು ಹಿಂದಕ್ಕೆ ಕೊಡಲಿಲ್ಲ. ಸೈನ್ಯವನ್ನು ವಿಸರ್ಜಿಸಲಿಲ್ಲ, ಮರಣದಂಡನೆಯನ್ನೂ ನಿಲ್ಲಿಸಲಿಲ್ಲ, ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನಗಳ ಅವಕಾಶವನ್ನು ಮಾತ್ರ ಕೊಟ್ಟನು. ಕಾಡಿನ ಜನರಿಗೆ, ತಾನು ಮರುಗಿದ್ದರೂ ತನ್ನ ಬಲ ಕುಂದಿಲ್ಲವೆಂಬ ಎಚ್ಚರಿಕೆಯನ್ನು ಪಶ್ಚಾತ್ತಾಪದ ಶಾಸನದಲ್ಲಿಯೇ ಸೇರಿಸಿದನು. ಆದರೆ ಪಟ್ಟಾಭಿಷೇಕದ ಹದಿಮೂರು ವರ್ಷಗಳ ಮೇಲೆ ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿಗಳನ್ನು ನೇಮಿಸಿ ಸೆರೆಯಾಳುಗಳ, ಮುದುಕರ, ಅನಾಥರ ಕ್ಷೇಮವನ್ನು ಅವರಿಗೆ ವಹಿಸಿದನು. ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ವಿಷಯವನ್ನು ಯಾವ ವೇಳೆಯಲ್ಲಾದರೂ ತನಗೆ ಬಂದು ತಿಳಿಸಬಹುದೆಂದು ಅಪ್ಪಣೆ ಮಾಡಿದನು. ಎಲ್ಲ ಮತದವರೂ ಎಲ್ಲ ಕಡೆಯೂ ಬಾಳಲೆಂದು ಬಯಸಿದನು. ಗೆದ್ದು ಆಳುವವನ ಕೈಯಲ್ಲಿ ಇಷ್ಟಾದರೂ ನಡೆದುದು ಸಣ್ಣ ಸಂಗತಿಯಲ್ಲ.

ಕೊನೆಗಾಲದ ವಿಷಯವನ್ನು ಅಶೋಕಾವದಾನವು ಮನಕರಗುವಂತೆ ಹೇಳುತ್ತದೆ. ಸಂಘಕ್ಕೆ ದಾನ ಮಾಡಿ ಮಾಡಿ ಬೊಕ್ಕಸ ಬರಿದಾಗುವುದೆಂದು ಅಂಜಿ ಅಮಾತ್ಯರು ಖಜಾನೆಯನ್ನು ಆತನ ಕೈತಪ್ಪಿಸಿದರಂತೆ. ಆತನು ಊಟದ ಚಿನ್ನದ ತಟ್ಟೆಗಳನ್ನು ಕೊಟ್ಟನು. ಚಿನ್ನವನ್ನು ತೆಗೆದು ಬೆಳ್ಳಿಯನ್ನಿಟ್ಟರು. ಬೆಳ್ಳಿಯನ್ನೂ ಕೊಟ್ಟನು. ಕಡೆಗೆ ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಈ ಭೂಮಿಗೆ ಈಗ ಒಡೆಯನಾರೆಂದು ಆತನು ಅಮಾತ್ಯರನ್ನು ಕೇಳಿದನೆಂದೂ, ಪ್ರಭುಗಳೇ ಒಡೆಯರೆಂದು ಅವರು ಹೇಳಲು, ತನ್ನ ಒಡೆತನವು ಆ ಅರ್ಧ ನೆಲ್ಲಿಕಾಯಿಗೆ ಇಳಿದಿದೆಯೆಂದು ನುಡಿದು ಅದನ್ನೂ ಸಂಘಕ್ಕೆ ಕಳುಹಿಸಿದನೆಂದೂ ಕಥೆಯಿದೆ. ಆತನು ಕಾಲವಾದ ಐವತ್ತು ವರ್ಷಗಳೊಳಗೆ ಕೊನೆಯ ಮೌರ್ಯನಾದ ಬೃಹದ್ರಥನನ್ನು ಆತನ ಸೇನಾನಿ ಪುಷ್ಯಮಿ‌ತ್ರನೇ ಕೊಂದನು.

ಇಸಿಲದ ಮಹಾಮಾತ್ರರು ಮಗಧಕ್ಕೆ ಹಿಂದಿರುಗಿದರೋ, ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಇಲ್ಲಿಯವರೇ ಆದರೋ, ಯಾವ ಕಲ್ಲೂ ಹೇಳುವುದಿಲ್ಲ. ಸಾತವಾಹನರು ಬಂದರು, ಕದಂಬರು ಬಂದರು; ಮೊಳಕಾಲ್ಮೂರು ರಾಯದುರ್ಗದ ಪಾಳೆಯಗಾರರಿಗೂ ಚಿತ್ರದುರ್ಗದ ನಾಯಕರಿಗೂ ಹೈದರನಿಗೂ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ನೆರೆಯ ರಾಯದುರ್ಗವು ಆಂಧ್ರಕ್ಕೆ ಹೋಗಿ, ಅಶೋಕನ ಬಂಡೆಗಳಿರುವ ತಾಲ್ಲೂಕು ಮತ್ತೊಮ್ಮೆ ಗಡಿಯ ತಾಲ್ಲೂಕಾಯಿತು.

ರೈಸ್ ಅವರು ಬಂದಾಗ ಬ್ರಹ್ಮಗಿರಿಯ ಶಾಸನವನ್ನು ಊರವರು ಅಕ್ಷರಗುಂಡು ಎನ್ನುತ್ತಿದ್ದರು. ಅದರಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಅದನ್ನು ತೊಳೆದ ನೀರಿಗೆ ಔಷಧಿಯ ಗುಣವಿದೆಯೆಂದು ನಂಬಿದ್ದರು. ಸಿದ್ದಾಪುರದ ಗುಂಡುಗಳಿಗೆ ಎಮ್ಮೆ ಕಾಯುವವನೊಬ್ಬನ ಹೆಸರಿತ್ತು. ಜಟಾಯು ಬಿದ್ದ ಸ್ಥಳವೆಂದು ಪ್ರಸಿದ್ಧವಾದ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಶಾಸನವಿದ್ದ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಚಕ್ರವರ್ತಿಯ ಅಕ್ಷರಗಳ ಮೇಲೆಯೇ ಅಂಗಡಿಯನ್ನು ಹರಡಿ ವ್ಯಾಪಾರ ಮಾಡುತ್ತಿದ್ದರು. ಮೂರರಲ್ಲಿ ಹೆಚ್ಚು ಸವೆದಿರುವುದು ಆ ಶಾಸನವೇ.